ಗ್ಯಾರೇಜಿನಲ್ಲಿ ಸ್ಕಾಟ್ಲೆಂಡಿನ ಬಾಗಿಲು

ನಾನು ಮಲಗುವ ಕೋಣೆಯ ಕಪಾಟಿನ ಮೇಲೆ ಒಂದು ಉದ್ದನೆಯ ರಟ್ಟಿನ ಕೊಳವೆ ಇದೆ. ಮನೆಗೆ ಬಂದವರು ಅದನ್ನು ನೋಡಿ ಏನೇನೋ ಊಹಿಸುತ್ತಾರೆ. ಯೋಗದ ಚಾಪೆ ಅನ್ನುವವರು ಕೆಲವರು, ಹಳೆಯ ಕ್ಯಾಲೆಂಡರು ಅನ್ನುವವರು ಕೆಲವರು. ಅದರೊಳಗೆ ಒಂದು ಬಾಗಿಲಿದೆ ಎಂದರೆ ಯಾರೂ ನಂಬುವುದಿಲ್ಲ. ನಾನು ಹೇಳಲೂ ಹೋಗುವುದಿಲ್ಲ. ಮುದುಕಿಗೆ ಮೊದಲೇ ಗಲಿಬಿಲಿ, ಈಗ ಇದೊಂದು ಬೇರೆ ಅಂದಾರು.

ಆದರೆ ಇರುವುದು ಬಾಗಿಲೇ. ಎಂಟು ಅಡಿಗೆ ನಾಲ್ಕು ಬೆರಳು ಕಡಿಮೆ ಎತ್ತರದ, ಕಲ್ಲಿನ ಚೌಕಟ್ಟಿನ, ಕಬ್ಬಿಣದ ಮೊಳೆಗಳನ್ನು ಸಾಲಾಗಿ ಹೊಡೆದಿರುವ, ಸ್ಕಾಟ್ಲೆಂಡ್ ಎಂಬ ದೇಶದ ಹಳೆಯ ಬಂಗಲೆಯೊಂದರ ಹೆಬ್ಬಾಗಿಲು. ಕಾಗದದ ಮೇಲೆ ಬರೆದದ್ದು. ಆ ದೇಶವನ್ನು ನಾನು ಕಂಡಿಲ್ಲ. ಭೂಪಟದಲ್ಲಿ ತೋರಿಸು ಎಂದರೆ ನನ್ನ ಬೆರಳು ಯಾವ ಸಮುದ್ರದಲ್ಲಿ ಬೀಳುತ್ತದೋ ಗೊತ್ತಿಲ್ಲ. ಆದರೂ ಆ ಬಾಗಿಲಿನ ಒಂದೊಂದು ಮೊಳೆಯೂ ನನಗೆ ಪರಿಚಯ. ಅವಕ್ಕೆಲ್ಲ ಶಾಯಿ ತುಂಬಿದವಳು ನಾನೇ.

ಆ ಬಾಗಿಲಿನ ಮುಂದೆ ನಿಂತು ಒಂದು ಭಾನುವಾರ ನಾನು ಒಂದು ಮಾತು ಹೇಳಿದೆ. ಯಾಕೆ ಹಾಗೆ ಹೇಳಿದೆ ಎಂದು ಮೊಮ್ಮಗಳು ಇಂಚರ ಇದುವರೆಗೆ ಮೂರು ಸಲ ಕೇಳಿದ್ದಾಳೆ. ಮೂರು ಸಲವೂ ನಾನು "ಊಟ ಆಯ್ತೇನವ್ವ?" ಎಂದು ಮಾತು ತೇಲಿಸಿದ್ದೇನೆ. ನನಗೆ ಬಾಯಿಮಾತಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ಹರಿಹರದ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡಿಯುತ್ತಿದ್ದೆ. "ಬಾಯಿ ಮನೇಲಿಟ್ಟು ಬಂದೀಯೇನೇ?" ಎಂದು ಅವರು ನಗುತ್ತಿದ್ದರು. ಮಕ್ಕಳೇ, ಇದೂ ಅಂಥದೇ ಸ್ಲೇಟು. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಪ್ಪ ಅಮ್ಮನ ಕೈಯಲ್ಲಿ ಓದಿಸಿ ಕೇಳಿ. ಅವರು ನಡುವೆ ಸಾಲು ಹಾರಿಸಿದರೆ ಬಿಡಬೇಡಿ. ಹಾರಿಸುವ ಸಾಲುಗಳು ಅವರ ಬಗ್ಗೆಯೇ ಇರುತ್ತವೆ.

ನಿಮ್ಮ ಅಜ್ಜ ಹೋಗಿ ಏಳು ವರ್ಷವಾಯಿತು. ಅಂದಿನಿಂದ ನಾನು ಆಸ್ಟ್ರೇಲಿಯಾದ ಮೂರು ಊರುಗಳಲ್ಲಿ ನಾಲ್ಕು ನಾಲ್ಕು ತಿಂಗಳು ಇರುತ್ತಿದ್ದೆ. ಪರ್ತಿನ ಸದರ್ನ್ ರಿವರಿನಲ್ಲಿ ದೊಡ್ಡ ಮಗ ಪ್ರಕಾಶ, ಅಡಿಲೇಡಿನಲ್ಲಿ ಚಿಕ್ಕ ಮಗ ನಾಗು, ಬ್ರಿಸ್ಬೇನಿನಲ್ಲಿ ನಡುವಿನವಳು ಶೋಭಾ. ಮೂರೂ ಕಡೆ ಪ್ರೀತಿಗೆ ಕೊರತೆಯಿಲ್ಲ. ಕೊರತೆಯಿದ್ದದ್ದು ನನ್ನ ತಲೆಗೆ. ಮೂರು ಮನೆಯ ಬಾಗಿಲುಗಳನ್ನು ಅದು ಬೇರೆಬೇರೆಯಾಗಿ ಇಟ್ಟುಕೊಳ್ಳಲಾರದು.

ಪರ್ತಿನ ಮನೆಯಲ್ಲಿ ಮುಂಬಾಗಿಲು ಹೆಸರಿಗೆ ಮಾತ್ರ. ಕಾರಿನಲ್ಲಿ ಕೂತು ಒಂದು ಗುಂಡಿ ಒತ್ತಿದರೆ ಗ್ಯಾರೇಜಿನ ಬಾಗಿಲು ಮೇಲೆದ್ದು ಕಾರನ್ನೂ ನಮ್ಮನ್ನೂ ಒಟ್ಟಿಗೆ ನುಂಗುತ್ತದೆ. ಗ್ಯಾರೇಜಿನೊಳಗೆ ಇನ್ನೊಂದು ಸಣ್ಣ ಬಾಗಿಲು, ಅದರಿಂದ ಅಡುಗೆಮನೆಗೆ. ಅಡಿಲೇಡಿನಲ್ಲಿ ಬೀಗವೇ ಇಲ್ಲ, ನಾಲ್ಕು ಅಂಕಿ ಒತ್ತಬೇಕು. ಒಮ್ಮೆ ಅಂಕಿ ಮರೆತು ಕೈಯಲ್ಲಿ ಕರಿಬೇವು ಹಿಡಿದು ಹೊರಗೆ ನಿಂತಿದ್ದೆ. ಇದ್ದಕ್ಕಿದ್ದಂತೆ ಬಾಗಿಲೇ ಮಾತಾಡಿತು: "ಅವ್ವ, ಯಾಕೆ ಹೊರಗೆ ನಿಂತಿದೀಯಾ?" ನಾಗುವಿನ ದನಿ. ನಾಗು ಆಫೀಸಿನಲ್ಲಿದ್ದ. ಕರೆಗಂಟೆಯಲ್ಲಿ ಕ್ಯಾಮೆರಾ ಇದೆಯಂತೆ. ನಾನು ಗಾಬರಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದು, "ಏನಿಲ್ಲ ರೀ, ಸುಮ್ನೆ" ಎಂದು ಬಾಗಿಲಿಗೆ ಬಹುವಚನದಲ್ಲಿ ಉತ್ತರ ಕೊಟ್ಟೆ. ಆ ದೃಶ್ಯ ಫೋನಿನಲ್ಲಿ ಉಳಿದುಬಿಟ್ಟಿದೆ. ನೀವೆಲ್ಲ ದೀಪಾವಳಿಗೆ ಹಾಕಿಕೊಂಡು ನೋಡುತ್ತೀರಿ.

ಬ್ರಿಸ್ಬೇನಿನ ಶೋಭಾನ ಮನೆ ಹಳೆಯ ಮರದ ಮನೆ, ಕಂಬಗಳ ಮೇಲೆ ನಿಂತಿದೆ. ಹದಿನಾಲ್ಕು ಮೆಟ್ಟಿಲು ಹತ್ತಿದರೆ ಜಗುಲಿ, ಜಗುಲಿ ದಾಟಿದರೆ ಮುಂಬಾಗಿಲು. ಮುಂಬಾಗಿಲು ಬೆಳಿಗ್ಗೆ ತೆಗೆದರೆ ಮಲಗುವಾಗಲೇ ಹಾಕುವುದು. ನಡುವೆ ಬರೀ ನೊಣದ ಜಾಲರಿ. ದಾರಿಯಲ್ಲಿ ಹೋಗುವ ನಾಯಿಯೂ ಒಮ್ಮೆ ತಲೆಯೆತ್ತಿ ಒಳಗೆ ಏನು ಅಡುಗೆ ಎಂದು ನೋಡಿ ಹೋಗುತ್ತದೆ.

ನನ್ನ ಸೊಂಟದಲ್ಲಿ ಮೂರು ಬೀಗದ ಕೈಗಳ ಗೊಂಚಲಿತ್ತು. ಅಂಕಿ ಒತ್ತುವ ಮನೆಗೆ ಬೀಗದ ಕೈ ಯಾಕೆ, ಗುಂಡಿ ಒತ್ತುವ ಮನೆಗೆ ಯಾಕೆ ಎಂದು ನಾನೇ ಎಷ್ಟೋ ಸಲ ಯೋಚಿಸಿದ್ದೇನೆ. ಯಾರೋ ಯಾವಾಗಲೋ ಕೊಟ್ಟಿದ್ದರು, ನಾನು ಪೋಣಿಸಿಕೊಂಡಿದ್ದೆ. ಯಾವುದು ಯಾವ ಊರಿನದು ಎಂದು ಕೇಳಲು ನಾಚಿಕೆ.

ಹೀಗೇ ನಡೆಯುತ್ತಿತ್ತೇನೋ. ಆದರೆ ಹೋದ ವರ್ಷ ಅಡಿಲೇಡಿನಲ್ಲಿ ಕೊಟ್ಟ ಬಿಳಿ ಮಾತ್ರೆಯನ್ನೂ ಪರ್ತಿನಲ್ಲಿ ಕೊಟ್ಟ ಗುಲಾಬಿ ಮಾತ್ರೆಯನ್ನೂ ಎರಡನ್ನೂ ನುಂಗುತ್ತಿದ್ದೆ. ಎರಡೂ ಒಂದೇ ಔಷಧಿ. ಬೇರೆ ಮಾತ್ರೆ ಇದೆ ಎಂದು ಡಾಕ್ಟರಿಗೆ ನಾನು ಹೇಳಿರಲಿಲ್ಲ, ಅವರು ಕೇಳಿದಾಗ ತಲೆ ಆಡಿಸಿದ್ದೆ. ಪರ್ತಿನ ಥಾರ್ನ್ಲಿಯ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದವಳು ಅಲ್ಲೇ ಬುಟ್ಟಿಗಳ ನಡುವೆ ಕೂತುಬಿಟ್ಟೆ. ಪ್ರಕಾಶನ ಹೆಂಡತಿ ರೂಪಾ ಹೆದರಿ ಅತ್ತಳು.

ಅಂದೇ ಮಕ್ಕಳು ಮೂವರೂ ಮಾತಾಡಿಕೊಂಡರು. ಅವ್ವ ಇನ್ನು ಒಂದೇ ಊರಲ್ಲಿ ಇರಬೇಕು. ಒಂದು ಮನೆ, ಒಬ್ಬ ಡಾಕ್ಟರು. ಯಾವ ಊರು ಎಂದು ಅವ್ವನೇ ಹೇಳಬೇಕು. ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ತಿಂಗಳ ಕೊನೆಯ ಭಾನುವಾರ ಮೂರೂ ಊರು ಫೋನಿನಲ್ಲಿ ಸೇರಿದಾಗ ಹೇಳಿಬಿಡಬೇಕು.

ನೀವು ನಂಬುತ್ತೀರೋ ಇಲ್ಲವೋ, ಆ ಮೂರು ವಾರ ನನಗೆ ಎರಡು ಮಾತ್ರೆ ನುಂಗಿದ್ದಕ್ಕಿಂತ ಹೆಚ್ಚು ತಲೆ ಸುತ್ತಿತು. ಮನಸ್ಸಿನಲ್ಲಿ ಒಂದು ಊರು ಇರಲಿಲ್ಲ ಎಂದಲ್ಲ. ಇತ್ತು. ಆದರೆ ಅದು ನನ್ನಂಥವಳು ಬಾಯಿಬಿಟ್ಟು ಹೇಳುವ ಊರಾಗಿರಲಿಲ್ಲ.

ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಬಾಗಿಲು ಮನೆಗೆ ಬಂತು.

ಪ್ರಕಾಶನ ಮಗಳು ಇಂಚರ ಪರ್ತಿನ ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಕಟ್ಟಡ ವಿದ್ಯೆ ಕಲಿಯುತ್ತಾಳೆ. ಒಂದು ಹಳೆಯ ಬಾಗಿಲನ್ನು ಫೋಟೋ ಮತ್ತು ಅಳತೆ ನೋಡಿಕೊಂಡು, ಅದು ಇರುವಷ್ಟೇ ದೊಡ್ಡದಾಗಿ ಬರೆದು ತರಬೇಕೆಂದು ಅವಳ ಮೇಡಂ ಹೇಳಿದ್ದರು. ಅಷ್ಟು ದೊಡ್ಡ ಕಾಗದ ಅಂಟಿಸಲು ಖಾಲಿ ಗೋಡೆ ಬೇಕಲ್ಲ? ಗ್ಯಾರೇಜಿನ ಮೂರು ಗೋಡೆಗೂ ಸಾಮಾನು. ಉಳಿದದ್ದು ಅಡುಗೆಮನೆಗೆ ಹೋಗುವ ಸಣ್ಣ ಬಾಗಿಲಿದ್ದ ಗೋಡೆ. ಇಂಚರ ಆ ಬಾಗಿಲಿನ ಮೇಲೆಯೇ ಕಾಗದ ಇಳಿಬಿಟ್ಟು ಅಂಟಿಸಿದಳು.

"ಏಯ್, ನಾವು ಎಲ್ಲಿಂದ ಬರೋದು?" ಎಂದ ಪ್ರಕಾಶ.

"ಫ್ರಂಟ್ ಡೋರ್ ಇದೆಯಲ್ಲ ಅಪ್ಪಾ. ಯೂಸ್ ಇಟ್."

ಮುಂಬಾಗಿಲಿನ ಹಿಂದೆ ನಿಂತಲ್ಲೇ ಓಡುವ ಯಂತ್ರ ಮಡಚಿ ನಿಲ್ಲಿಸಿತ್ತು, ಅದರ ಮುಂದೆ ಚಪ್ಪಲಿ ಸ್ಟ್ಯಾಂಡು. ಎಲ್ಲವನ್ನೂ ಎಳೆದು ತಂದು ಅಡುಗೆಮನೆಯೊಳಗೆ ಈ ಸಣ್ಣ ಬಾಗಿಲಿನ ಪಕ್ಕಕ್ಕೆ ಇಟ್ಟದ್ದಾಯಿತು. ಆಮೇಲೆ ನೋಡಿದರೆ ಮುಂಬಾಗಿಲಿನ ಬೀಗದ ಕೈಯೇ ಇಲ್ಲ. ಪ್ರಕಾಶ ರೂಪಾಳನ್ನು ಕೇಳಿದ, ರೂಪಾ ಪ್ರಕಾಶನನ್ನು ಕೇಳಿದಳು, ಇಬ್ಬರೂ ಸೇರಿ ಇಂಚರಳನ್ನು ಗದರಿದರು. ನಾನು ಮೆಲ್ಲಗೆ ಸೊಂಟದ ಗೊಂಚಲು ತೆಗೆದು ಒಂದೊಂದೇ ಹಾಕಿ ನೋಡಿದೆ. ಬ್ರಿಸ್ಬೇನಿನದು ಎಂದು ನಾನು ಜೋಪಾನ ಮಾಡಿಕೊಂಡು ಬಂದಿದ್ದ ಕೈ ಕಟಕ್ ಎಂದು ತಿರುಗಿತು.

"ಅತ್ತೇ, ನೀವು ನಮ್ಮನೆ ಕೀ ಬ್ರಿಸ್ಬೇನಿಗೆಲ್ಲ ತಗೊಂಡು ಹೋಗಿ ಬಂದಿದೀರಾ?" ಎಂದು ರೂಪಾ ಬಾಗಿಲಿಗೆ ಒರಗಿ ನಕ್ಕಳು. ಹಾಗಾದರೆ ಬ್ರಿಸ್ಬೇನಿನ ಬೀಗದ ಕೈ ಯಾವುದು? ಅದು ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಚರ ಪೆನ್ಸಿಲಿನಲ್ಲಿ ಗೆರೆ ಎಳೆದು ಮುಗಿಸಿ, ಒಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೂತಳು.

"ಅಜ್ಜಿ, ನಿನ್ನ ಹ್ಯಾಂಡ್ ಶೇಕ್ ಆಗಲ್ಲ ಅಲ್ವಾ?"

"ರಂಗೋಲಿ ಹಾಕುವಾಗ ಆಗಲ್ಲವ್ವ. ಜನ ನೋಡಿದಾಗ ಆಗ್ತದೆ."

"ಯಾರೂ ನೋಡಲ್ಲ. ಈ ನೇಯ್ಲ್ಸ್‌ಗೆ ಇಂಕ್ ಹಾಕ್ಕೊಡ್ತೀಯಾ? ಪ್ಲೀಸ್? ಟೂ ಹಂಡ್ರೆಡ್ ಅಂಡ್ ಸಮ್‌ಥಿಂಗ್ ಇವೆ."

ಹೀಗೆ ನಾನು ಮೊಳೆಗಳಿಂದ ಶುರುಮಾಡಿದೆ. ಒಂದು ಸ್ಟೂಲು, ಒಂದು ಪೆನ್ನು, ಮಡಿಲಲ್ಲಿ ಫೋಟೋ. ಎದ್ದು ನಿಲ್ಲಲಾರದಾಗ ಕೆಳಗಿನ ಮೊಳೆಗಳು, ಮಂಡಿ ಚೆನ್ನಾಗಿದ್ದಾಗ ಮೇಲಿನವು.

ಎಂಥ ಬಾಗಿಲು ಅಂತೀರಿ! ಬಂಗಲೆ ನಾಲ್ಕು ಅಂತಸ್ತು, ಬಾಗಿಲು ಮಾತ್ರ ಗಿಡ್ಡ. ಎಂಟು ಅಡಿಯಲ್ಲಿ ಮೇಲಿನ ಮೂರನೇ ಒಂದು ಪಾಲು ಕಲ್ಲಿನ ಕೆತ್ತನೆಗೇ ಹೋಗಿ, ಮನುಷ್ಯರಿಗೆ ಉಳಿದದ್ದು ತಲೆ ಬಗ್ಗಿಸಿ ನುಗ್ಗುವಷ್ಟು ಜಾಗ. ನಮ್ಮೂರಲ್ಲೂ ಬಾಗಿಲು ಗಿಡ್ಡವೇ. ಒಳಗೆ ದೇವರಿದ್ದಾನೆ, ತಲೆ ಬಾಗಿಸಿ ಬರಲಿ ಎಂದು. ಅದನ್ನೇ ಹೇಳಿದೆ.

"ನೋ ಅಜ್ಜಿ, ಎನಿಮಿ ಬಂದ್ರೆ ಬಗ್ಗಿ ಬರ್ಬೇಕು, ಆಗ ತಲೆಗೆ ಹೊಡೆಯೋಕೆ ಈಸಿ."

ಪಕ್ಕದ ಗೋಡೆಯಲ್ಲಿ ದುಂಡನೆಯ ಎರಡು ತೂತು. ದೀಪ ಇಡುವ ಗೂಡಿರಬೇಕು ಎಂದೆ. ಅವು ಕೋವಿಯ ತೂತಂತೆ, ಬಂದವರ ಮೇಲೆ ಗುಂಡು ಹಾರಿಸಲು. ಸರಿ, ಇಷ್ಟು ಸಿಟ್ಟಿನ ಜನ ಎಂದುಕೊಂಡರೆ, ಚೌಕಟ್ಟಿನ ಸುತ್ತ ಏನು ಕೆತ್ತಿದ್ದಾರೆ? ಹಗ್ಗ. ಎರಡು ಎಳೆ ಹೊಸೆದ ದಪ್ಪ ಹಗ್ಗವನ್ನು ಕಲ್ಲಿನಲ್ಲಿ ಕೆತ್ತಿ ಬಾಗಿಲನ್ನು ಸುತ್ತಿಸಿದ್ದಾರೆ, ಮದುವೆ ಚಪ್ಪರಕ್ಕೆ ಸುತ್ತುವ ಹಾಗೆ. ಫೋಟೋದಲ್ಲಿ ಮೊದಲು ನೋಡಿದಾಗ, ಯಾರೋ ಎಮ್ಮೆ ಕಟ್ಟಿದ ಹಗ್ಗ ಬಿಚ್ಚುವುದನ್ನು ಮರೆತಿದ್ದಾರೆ ಅಂದುಕೊಂಡೆ.

ಕರೆಗಂಟೆ ಇಲ್ಲ. ತಿರುಚಿದ ಕಬ್ಬಿಣದ ಸಲಾಕೆಯೊಂದನ್ನು ಬಾಗಿಲಿಗೆ ಜಡಿದು ಅದಕ್ಕೊಂದು ಬಳೆ ಹಾಕಿದ್ದಾರೆ. ಬಳೆಯನ್ನು ಹಿಡಿದು ಸಲಾಕೆಯ ಮೇಲೆ ಉಜ್ಜಿದರೆ, ಕಾಯಿ ತುರಿದ ಹಾಗೆ ಕರ್ರ್ ಕರ್ರ್ ಎಂದು ಸದ್ದಾಗಿ ಒಳಗಿನವರಿಗೆ ತಿಳಿಯಬೇಕು. ಮೆಟ್ಟಿಲ ಪಕ್ಕ ಬೂಟಿನ ಕೆಸರು ಕೆರೆಯಲು ಒಂದು ಕಬ್ಬಿಣದ ಪಟ್ಟಿ. ಅಲ್ಲಿಯೂ ಕೆಸರಿದೆ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು. ಮೆಟ್ಟಿಲಂತೂ ನಡುವೆ ಸವೆದು, ಒರಳುಕಲ್ಲಿನ ಹಾಗೆ ಗುಳಿ ಬಿದ್ದಿತ್ತು.

ಒಂದು ದಿನ ಇಂಚರ ಒಂದು ಚಿತ್ರ ಹಿಡಿದು ಬಂದಳು. ಬಾಗಿಲಿನ ಒಳಬದಿ, ಪಕ್ಕದ ದಪ್ಪ ಗೋಡೆಯಲ್ಲಿ ಚೌಕನೆಯ ಒಂದು ಆಳವಾದ ಗೂಡು. ಅದು ಯಾಕಿದೆ ಎಂದು ಬರೆಯಬೇಕಂತೆ. ಅವಳ ಗೆಳತಿಯರಲ್ಲಿ ಒಬ್ಬಳು ಕೋವಿ ಇಡಲು ಅಂದಳಂತೆ, ಇನ್ನೊಬ್ಬಳು ಬೆಕ್ಕು ಓಡಾಡಲು. ನಾನು ನೋಡಿದ ತಕ್ಷಣ, "ಅಗುಳಿ ಅಲ್ವೇನೆ ಇದು!" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ನಮ್ಮ ತವರುಮನೆಯಲ್ಲೂ ಇದೇ. ಹಗಲು ಮರದ ತೊಲೆ ಗೋಡೆಯೊಳಗೆ ಮಲಗಿರುತ್ತದೆ. ದೀಪ ಆರಿಸುವ ಮುಂಚೆ ಅದನ್ನು ಹೊರಗೆಳೆದು ಕದದ ಹಿಂದೆ ಅಡ್ಡ ಸರಿಸಿ ಎದುರು ಗೋಡೆಗೆ ಸಿಕ್ಕಿಸಿದರೆ, ಆನೆ ಬಂದು ಗುದ್ದಿದರೂ ಬಾಗಿಲು ಅಲುಗದು. ಇಂಚರ ಅದನ್ನೇ ಬರೆದಳು. ಸರಿಯಾಗಿತ್ತಂತೆ. ಆ ಸಂಜೆ ಅವಳು ನನಗೆ ಕೈಮುಗಿದು, "ಪ್ರೊಫೆಸರ್ ಅಜ್ಜಿ" ಎಂದಳು. ನಾನು ನಾಚಿ ಅಡುಗೆಮನೆಗೆ ಹೋಗಿ ಸುಮ್ಮನೆ ಕುಕ್ಕರ್ ತೊಳೆದೆ. ಅದು ತೊಳೆದದ್ದೇ ಆಗಿತ್ತು.

ಮೊಳೆ, ಹಗ್ಗ ಎಲ್ಲ ಮುಗಿದ ಮೇಲೆ ಉಳಿದದ್ದು ಬಾಗಿಲ ನೆತ್ತಿಯ ಮೇಲಿನ ಕಲ್ಲು. ಅದರ ಮೇಲೆ ಇಸವಿ, ಇಸವಿಯ ಎರಡು ಬದಿಗೆ ಎರಡೆರಡು ಇಂಗ್ಲಿಷ್ ಅಕ್ಷರ.

"ಇದು ಮ್ಯಾರೇಜ್ ಸ್ಟೋನ್ ಅಜ್ಜಿ. ಮನೆ ಕಟ್ಟಿಸಿದ ಗಂಡ ಹೆಂಡತಿ ಹೆಸರು. ಈ ಕಡೆ ಅವನದು, ಆ ಕಡೆ ಅವಳದು."

"ಅವಳದೂನಾ?"

"ಯೆಸ್. ಫಸ್ಟ್ ಲೆಟರ್ ಅವಳ ಹೆಸರು. ಸೆಕೆಂಡ್ ಒನ್ ಅವಳ ಅಪ್ಪನ ಮನೆ ಹೆಸರು."

"ಗಂಡನ ಮನೆ ಹೆಸರಿರಬೇಕು, ಸರಿಯಾಗಿ ನೋಡವ್ವ."

"ನೋ ಅಜ್ಜಿ, ಚೆಕ್ ಮಾಡಿದೀನಿ. ಮದುವೆ ಆದ್ಮೇಲೂ ಅಲ್ಲಿ ಲೇಡೀಸ್ ಅಪ್ಪನ ಮನೆ ಹೆಸರೇ ಇಟ್ಕೊತಿದ್ರು ಆಗ."

ಗಂಡನ ಮನೆಯ ಬಾಗಿಲ ಮೇಲೆ ತವರುಮನೆಯ ಅಕ್ಷರ! ನನಗೆ ಅರ್ಥವೇ ಆಗಲಿಲ್ಲ. ಒಂದು ವೇಳೆ ಅವಳದನ್ನು ಚಿಕ್ಕದಾಗಿ ಕೆತ್ತಿರಬಹುದು ಎಂದು, ಇಂಚರ ಆಚೆ ಹೋದಾಗ ದಾರ ಹಿಡಿದು ಅಳೆದೆ. ಅವನ ಅಕ್ಷರ ಅಳೆದೆ, ಅವಳದನ್ನು ಅಳೆದೆ. ಸಮ ಇದ್ದವು. ಮತ್ತೊಮ್ಮೆ ಅಳೆದೆ.

ಮಕ್ಕಳೇ, ಇಲ್ಲಿ ನಿಮಗೆ ನಮ್ಮ ಊರ ಕಡೆಯ ಒಂದು ಪದ್ಧತಿ ಹೇಳಬೇಕು. ಇಂಚರಳಿಗೆ ಆ ಮಧ್ಯಾಹ್ನವೇ ಹೇಳಿದ್ದೆ. ಮದುವೆಯಾಗಿ ಹೆಣ್ಣು ಗಂಡನ ಮನೆಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಒಂದು ಒಡಪಿನಲ್ಲಿ, ಅಂದರೆ ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ ಸೇರಿಸಿ ಹೇಳಿದರೆ ಮಾತ್ರ ದಾರಿ. ಹೇಳಿ, ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬರಬೇಕು. ಆಮೇಲೆ ಜೀವಮಾನವಿಡೀ ಆ ಹೆಸರನ್ನು ಬಾಯಲ್ಲಿ ಆಡುವ ಹಾಗಿಲ್ಲ. ವಿಚಿತ್ರವೇ ಸರಿ. ಹೇಳಲೇಬೇಕಾದದ್ದು ಒಂದೇ ಸಲ, ಆ ಒಂದು ಸಲವೂ ಊರೆಲ್ಲ ನೋಡುವಾಗ.

ನನ್ನ ಅವ್ವ ಒಂದು ಒಡಪು ಕಲಿಸಿ ಕಳಿಸಿದ್ದಳು. ದಾರಿಯುದ್ದಕ್ಕೂ ಗಾಡಿಯಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಬಾಗಿಲಲ್ಲಿ ನಿಂತಾಗ ತುಟಿ ಅಂಟಿಕೊಂಡವು.

"ಹೆಸರು ಹೇಳಿದ್ರ ಒಳಗ, ಇಲ್ಲಾಂದ್ರ ಹೊರಗ!" ಎಂದು ನಾದಿನಿಯರು ಕೈ ಅಡ್ಡ ಹಾಕಿ ಕುಣಿದರು. "ಏನೇ, ಅಣ್ಣನ ಹೆಸರು ಗೊತ್ತೈತೋ ಇಲ್ಲೋ?" ಎಂದು ಒಬ್ಬಳು. "ಮೂಕಿನ ತಂದಾರೇನ ಮತ್ತ!" ಎಂದು ಇನ್ನೊಬ್ಬಳು. ನನಗೆ ಹೆಸರು ಗೊತ್ತಿತ್ತು. ಒಡಪೂ ಗೊತ್ತಿತ್ತು. ಸ್ಲೇಟು ಕೊಟ್ಟಿದ್ದರೆ ಬರೆದು ತೋರಿಸುತ್ತಿದ್ದೆ. ನೆರಳು ಮೆಟ್ಟಿಲಿಳಿದು ಅಂಗಳಕ್ಕೆ ಹೋಯಿತು. ಕೊನೆಗೆ ಪಕ್ಕದಲ್ಲಿದ್ದ ನಿಮ್ಮ ಅಜ್ಜ, ಆಗಷ್ಟೇ ಪೋಸ್ಟ್‌ಮ್ಯಾನ್ ಕೆಲಸ ಸಿಕ್ಕಿತ್ತು, ಅವರು ಹೇಳಿದರು: "ವಿಳಾಸ ಇಲ್ಲದ ಕಾಗದಾನೂ ಒಮ್ಮೊಮ್ಮೆ ಮುಟ್ಟತೈತಿ. ಬಿಡ್ರೇ, ಒಳಗ ಬರಲಿ." ಎಲ್ಲರೂ ನಕ್ಕು ದಾರಿ ಬಿಟ್ಟರು. ನಾನು ಗಾಬರಿಯಲ್ಲಿ ಅಕ್ಕಿಯ ಸೇರನ್ನು ದಾಟಿಯೇ ಹೋಗಿಬಿಟ್ಟೆ. ಉರುಳಿಸಲೇ ಇಲ್ಲ.

ಅವರು ನಲವತ್ತು ವರ್ಷ ಹತ್ತು ಹಳ್ಳಿಯ ಬಾಗಿಲುಗಳ ಮುಂದೆ ನಿಂತವರು. ಜನರನ್ನು ಮುಖದಿಂದಲ್ಲ, ಬಾಗಿಲಿನಿಂದ ಗುರುತಿಸುತ್ತಿದ್ದರು. ಸಂಜೆ ಮನೆಗೆ ಬಂದಾಗಲೂ ಹೊರಗೇ ನಿಂತು ಚಿಲಕ ಬಡಿದು "ಟಪಾಲ್!" ಎಂದು ಕೂಗುತ್ತಿದ್ದರು. ನಾನು ಓಡಿ ಬಂದರೆ ಖಾಲಿ ಚೀಲ ತೋರಿಸಿ ನಗುತ್ತಿದ್ದರು. ಕೊನೆಯ ಕಾಯಿಲೆಯಲ್ಲಿ ಒಂದು ಮಧ್ಯಾಹ್ನ, "ಆ ಒಡಪು ನೆನಪೈತೇನ? ಹೇಳು ಕೇಳೋಣ, ಯಾರೂ ಇಲ್ಲ ಈಗ" ಅಂದರು. ನಾನು ಬಾಯಿಗೆ ಸೆರಗು ಹಿಡಿದು ನಕ್ಕು, ನೀರು ತರುತ್ತೇನೆಂದು ಎದ್ದು ಹೋದೆ. ಬಂದಾಗ ನಿದ್ದೆ ಹತ್ತಿತ್ತು. ಹೇಳಬಹುದಿತ್ತು. ಎರಡೇ ಸಾಲು.

ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ನನ್ನ ಅವ್ವ ನಮ್ಮ ಮನೆಗೆ ಬಂದರೆ ಎರಡು ರಾತ್ರಿಗಿಂತ ಹೆಚ್ಚು ಇರುತ್ತಿರಲಿಲ್ಲ. ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಕೈಚೀಲವನ್ನು ತೊಡೆಯ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಇರು ಎಂದರೆ, "ಮಗಳ ಮನಿ ಹೊಸ್ತಿಲ ಸವಿಸಬಾರದವ್ವ" ಅನ್ನುತ್ತಿದ್ದಳು. ಅವಳಿಗೆ ಗಂಡುಮಕ್ಕಳು ಇಬ್ಬರಿದ್ದರು. ಇರಬೇಕಾದದ್ದು ಅಲ್ಲಿ, ಮಗಳ ಮನೆಗೆ ಹೋಗಿ ಬರಬೇಕು, ಅಷ್ಟೆ. ನಾನೂ ಅದನ್ನೇ ಉಟ್ಟು ಬೆಳೆದವಳು. ಶೋಭಾನ ಜಗುಲಿಯಲ್ಲಿ ನಾಲ್ಕು ತಿಂಗಳು ಕೂತಾಗಲೂ ನನ್ನ ಚೀಲ ಪೂರ್ತಿ ಬಿಚ್ಚಿರಲಿಲ್ಲ.

ಆ ಭಾನುವಾರ ಬಂತು. ಚಿತ್ರ ಮುಗಿದಿತ್ತು, ಮರುದಿನ ಬಿಚ್ಚಿ ಸುತ್ತಿ ಯೂನಿವರ್ಸಿಟಿಗೆ ಒಯ್ಯಬೇಕು, ಮೇಡಂ ನೋಡಿದ ಮೇಲೆ ಅದು ನನಗೇ ಎಂದು ಇಂಚರ ಹೇಳಿದ್ದಳು. ತಂಗಿ ತಮ್ಮನಿಗೂ ತೋರಿಸೋಣ ಎಂದು ಪ್ರಕಾಶ ಫೋನನ್ನು ಗ್ಯಾರೇಜಿನಲ್ಲೇ ಅಕ್ಕಿ ಮೂಟೆಯ ಮೇಲೆ ಆನಿಸಿಟ್ಟ. ಅರ್ಧ ಪರದೆಯಲ್ಲಿ ನಾಗು, ಅರ್ಧದಲ್ಲಿ ಶೋಭಾ.

ಬಾಗಿಲಿನ ಹೊಗಳಿಕೆ ಎರಡು ನಿಮಿಷದಲ್ಲಿ ಮುಗಿಯಿತು.

"ಅವ್ವ, ಪ್ರೆಷರ್ ಏನಿಲ್ಲ" ಎಂದ ನಾಗು. "ಬಟ್ ಇವತ್ತು ಹೇಳಿಬಿಡು. ಅಡಿಲೇಡಲ್ಲಿ ನಿನ್ನ ರೂಮಿಗೆ ಹೀಟರ್ ಹಾಕ್ಸಿದೀನಿ."

"ನೋಡು, ಇವನು ಲಂಚ ಕೊಡ್ತಿದಾನೆ" ಎಂದ ಪ್ರಕಾಶ. "ಇಲ್ಲಿ ಇಂಚರ ಇದಾಳೆ ಅವ್ವ, ಹೀಟರ್ ಗೀಟರ್ ಏನೂ ಬೇಡ."

"ನೀವಿಬ್ರೂ ಗಂಡುಮಕ್ಕಳು ಡಿಸೈಡ್ ಮಾಡ್ಕೊಳ್ರಪ್ಪ, ನಾನು ಸುಮ್ನೆ ಗೆಸ್ಟು" ಎಂದು ಶೋಭಾ ನಕ್ಕಳು. ಆ ನಗು ನನಗೆ ಗೊತ್ತು. ಚಿಕ್ಕವಳಿದ್ದಾಗ ಬೆಲ್ಲದಚ್ಚು ಎರಡೇ ಇದ್ದರೆ, ನನಗೆ ಸಿಹಿ ಸೇರಲ್ಲ ಎಂದು ಹೀಗೇ ನಗುತ್ತಿದ್ದಳು.

"ಹೇಳವ್ವ" ಎಂದರು ಎಲ್ಲರೂ.

"ನಿಮಗ ಹೆಂಗ ಸರಿಯೋ ಹಂಗ" ಎಂದೆ.

"ನೋಡಿದ್ರಾ! ಅದೇ ಡೈಲಾಗ್!" ಎಂದು ಪ್ರಕಾಶ ತಲೆಗೆ ಕೈ ಹೊತ್ತ. ನಾನು ಎಂದಿನ ಹಾಗೆ ಅಲ್ಲಿಂದ ಎದ್ದು ಅಡುಗೆಮನೆಗೆ ಹೊರಟೆ. ಗಲಿಬಿಲಿಯಲ್ಲಿ ಆ ದಾರಿ ಮುಚ್ಚಿದೆ ಎಂಬುದೇ ಮರೆತು, ನೇರವಾಗಿ ಹೋಗಿ ಕಾಗದದ ಬಾಗಿಲಿನ ಮುಂದೆ ನಿಂತೆ.

ಇಂಚರ ಅಡ್ಡ ಬಂದಳು. ಎರಡೂ ಕೈ ಚಾಚಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ನಾನು ಹೇಳಿದ್ದ ನಾದಿನಿಯರ ದನಿಯಲ್ಲಿ ಕೂಗಿದಳು:

"ಹೆಸರು ಹೇಳಿದ್ರೆ ಒಳಗೆ, ಇಲ್ಲಾಂದ್ರೆ ಹೊರಗೆ!"

ಅವಳು ಕೇಳಿದ್ದು ಊರಿನ ಹೆಸರನ್ನೋ, ಸುಮ್ಮನೆ ಆಟವೋ, ನನಗೆ ತಿಳಿಯಲಿಲ್ಲ. ಅವಳ ತಲೆಯ ಮೇಲೆ ಆ ಕಲ್ಲು ಕಾಣುತ್ತಿತ್ತು. ಈ ಕಡೆ ಎರಡು ಅಕ್ಷರ, ಆ ಕಡೆ ಎರಡು, ನಾನೇ ಶಾಯಿ ತುಂಬಿದ್ದು. ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಹೊಸ್ತಿಲ ಮ್ಯಾಲ ಅಕ್ಕಿ ಸೇರು, ಒಳಗ ಹೊಸಾ ಊರು,
ಗುರುಸಿದ್ದಪ್ಪನವರ ಹೆಸರ ಹೇಳತೀನಿ, ದಾರಿ ಬಿಡ್ರಿ ಎಲ್ಲಾರು."

ತನ್ನ ಅಪ್ಪನ ಹೆಸರನ್ನು ನನ್ನ ಬಾಯಲ್ಲಿ ಪ್ರಕಾಶ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪರದೆಯ ಮೇಲೆ ನಾಗು ಅಲುಗದೆ ನಿಂತಿದ್ದ. ನೆಟ್ ಹೋಯಿತೇನೋ ಎಂದು ರೂಪಾ ಫೋನನ್ನು ತಟ್ಟಿದಳು. ನೆಟ್ ಇತ್ತು.

ಇಂಚರ ಕೈ ಇಳಿಸಲಿಲ್ಲ. ಮೆಲ್ಲಗೆ, "ನಿನ್ನ ಹೆಸರು? ಸ್ಟೋನ್ ಮೇಲೆ ಎರಡು ಇರುತ್ತೆ ಅಜ್ಜಿ" ಎಂದಳು.

ಅದನ್ನು ಯಾವ ಬಾಗಿಲಲ್ಲೂ ನನ್ನನ್ನು ಯಾರೂ ಕೇಳಿರಲಿಲ್ಲ.

"ಹಾಲಮ್ಮ" ಎಂದೆ. "ನಮ್ಮಪ್ಪನ ಬಣಕಾರ ಮನಿತನದ ಹಾಲಮ್ಮ." ಅದೇ ಉಸಿರಿನಲ್ಲಿ, ಉಸಿರು ಮುಗಿದರೆ ಧೈರ್ಯವೂ ಮುಗಿಯುತ್ತದೆ ಎಂದು, "ನಾನು ಶೋಭಾನ ಮನ್ಯಾಗ ಇರ್ತೀನಿ" ಎಂದೆ.

ಆಗ ಶುರುವಾಯಿತು ನೋಡಿ.

"ಅವ್ವ ಕನ್‌ಫ್ಯೂಸ್ ಆಗಿದಾಳೆ" ಎಂದ ನಾಗು. "ಅವ್ವ, ರಜಕ್ಕೆ ಹೋಗೋ ಊರಲ್ಲ, ಪರ್ಮನೆಂಟ್ ಊರು ಕೇಳ್ತಿರೋದು."

"ಹದಿನಾಲ್ಕು ಮೆಟ್ಟಿಲು ಅವ್ವ! ನಿನ್ನ ಮಂಡಿ!" ಎಂದ ಪ್ರಕಾಶ. ಅವನ ಮುಖ ಸಣ್ಣದಾಗಿತ್ತು. "ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಅತ್ತೆ, ಇವತ್ತು ಮಾತ್ರೆ ಯಾವ್ದು ತಗೊಂಡ್ರಿ?" ಎಂದಳು ರೂಪಾ.

ಶೋಭಾನ ಕಡೆಯ ಪರದೆಯಲ್ಲಿ ಮುಖವೇ ಇರಲಿಲ್ಲ. ಬರೀ ಅವಳ ಮನೆಯ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. ಮೂಗು ಏರಿಸುವ ಸದ್ದೊಂದು ಕೇಳಿತು. "ಅವ್ವಾ, ಇನ್ನೊಂದ್ಸಲ ಹೇಳು" ಎಂದಿತು ಫ್ಯಾನು.

ನನ್ನ ಜೀವನದಲ್ಲಿ ನಾನು ಗಲಿಬಿಲಿಯಾಗದೆ ಆಡಿದ ಮಾತು ಅದೊಂದೇ. ಅದನ್ನೇ ಎಲ್ಲರೂ ಗಲಿಬಿಲಿ ಎಂದರು. ನಾನು ಇಂಚರಳ ಮುಖ ನೋಡಿದೆ. ಪರ್ತ್ ಎನ್ನುತ್ತೇನೆ ಎಂದು ಅವಳು ನಂಬಿದ್ದಳು. ಅದಕ್ಕಾಗಿಯೇ ಅಡ್ಡ ನಿಂತಿದ್ದಳು, ಈಗ ತಿಳಿಯುತ್ತದೆ. ಅವಳ ಕಣ್ಣು ತುಂಬಿದ್ದವು. ಕೈ ಇನ್ನೂ ಚಾಚಿಯೇ ಇತ್ತು.

ಇಂಚರ, ನೀನು ಕೇಳಿದ "ವೈ" ಇಷ್ಟೇ ಕಂದ. ನಿನ್ನ ಮೇಲೆ ಪ್ರೀತಿ ಕಡಿಮೆಯಾಗಿ ಅಲ್ಲ. ಅಪ್ಪನ ಮನೆಯ ಅಕ್ಷರವನ್ನು ಆ ಹೆಂಗಸು ಬಾಗಿಲ ಮೇಲೇ ಇಟ್ಟುಕೊಂಡಿದ್ದಳು, ಅಷ್ಟೇ ಅಳತೆಯಲ್ಲಿ. ನಾನು ದಾರ ಹಿಡಿದು ಎರಡು ಸಲ ನೋಡಿದ್ದೇನೆ. ಹಾಗಿದ್ದ ಮೇಲೆ ನನ್ನ ಮಗಳ ಮನೆಯ ಹೊಸ್ತಿಲು ನನ್ನ ಕಾಲಿಗೆ ಸ್ವಲ್ಪ ಸವೆದರೆ ಏನಾಯಿತು ಅನ್ನಿಸಿತು. ನನ್ನ ಅವ್ವನಿಗೆ ಆ ಬಾಗಿಲನ್ನು ಯಾರೂ ತೋರಿಸಿರಲಿಲ್ಲ.

"ಶೀ ಈಸ್ ನಾಟ್ ಕನ್‌ಫ್ಯೂಸ್ಡ್" ಎಂದಳು ಇಂಚರ ಅವರ ಕಡೆ ತಿರುಗಿ. ಅವಳು ಪಕ್ಕಕ್ಕೆ ಸರಿದು, ಕಾಗದದ ಕೆಳಗಿನ ಅಂಟು ಮೆಲ್ಲಗೆ ಬಿಡಿಸಿ, ನಾನು ಶಾಯಿ ತುಂಬಿದ ಮೊಳೆಗಳನ್ನೆಲ್ಲ ಪರದೆಯ ಹಾಗೆ ಮೇಲೆತ್ತಿ, ಹಿಂದಿನ ಸಣ್ಣ ಬಾಗಿಲನ್ನು ತಳ್ಳಿದಳು.

"ಬಾ ಅಜ್ಜಿ. ಬಗ್ಗಿ ಬಾ."

ನಾನು ತಲೆ ಬಗ್ಗಿಸಿದೆ. ಬಲಗಾಲು ಮುಂದಿಟ್ಟೆನೋ ಎಡಗಾಲೋ, ಈಗ ನೆನಪಿಲ್ಲ. ಒಳಗೆ ಬಾಗಿಲ ಪಕ್ಕ ಸರಿಸಿಟ್ಟಿದ್ದ ಚಪ್ಪಲಿ ಸ್ಟ್ಯಾಂಡು ಕಾಲಿಗೆ ತಗುಲಿ ಮಗುಚಿ, ಮನೆಮಂದಿಯ ಬೂಟು ಚಪ್ಪಲಿಗಳೆಲ್ಲ ಅಡುಗೆಮನೆಯ ತುಂಬ ಚೆಲ್ಲಾಡಿದವು.

"ಅವ್ವಾ, ಏನದು ಸಪ್ಪಳ? ಬಿದ್ಯಾ?" ಎಂದು ಗ್ಯಾರೇಜಿನಿಂದ ಶೋಭಾನ ದನಿ ಕೂಗಿತು.

"ಏನಿಲ್ಲವ್ವ" ಎಂದೆ. "ಒಳಗ ಬಂದೆ."